ಬೆಳ್ಳಗಾಗಬೇಡಿ, ಬೆಳಕಿಗೆ ಬನ್ನಿ!

ಚಾನ್ಸು ಕೇಳಿ ಫೋಟೋ ಕಳಿಸುವ ತರುಣ ಮಿತ್ರರೇ, ಈ ವಾರ ನಿಮಗೊಂದು ಕಿವಿಮಾತು.

ಮಹಾಂತೇಶ ನಗರದ ಹುಡುಗನೊಬ್ಬ ಮೊನ್ನೆ ಫೋನು ಹಿಡಿದು ಬಂದ. "ಅಣ್ಣಾರ, ಫೋಟೋದಾಗ ನನ್ನ ಮಾರಿ ಕರ್ರಗ ಬಂದೈತ್ರಿ. ಬೆಳ್ಳಗ ಮಾಡೋ ಆ್ಯಪ್ ಹಾಕ್ಲೇನ್ರಿ?" ಅಂದ. ನೋಡಿದೆ. ಹಿಂದೆ ಬೆಳಗಾವಿ ಮಳೆಗಾಲದ ಬೆಳ್ಳನೆ ಮೋಡ, ಮುಂದೆ ನಮ್ಮ ಹುಡುಗ!

ಬಡಪಾಯಿ ಫೋನಿಗೆ ನೀವು ಹೀರೋ ಅಂತ ಗೊತ್ತಿಲ್ಲ ಸ್ವಾಮಿ. ಚಿತ್ರದಲ್ಲಿ ಬಿದ್ದ ಬೆಳಕನ್ನೆಲ್ಲ ಅಳೆದು ನಡುಮಟ್ಟಕ್ಕೆ ತರುವುದೇ ಅದರ ಲೆಕ್ಕ. ಇದೇ ಎಕ್ಸ್‌ಪೋಷರ್. ಮೋಡ ಹೊಳೆದರೆ ಬೆಳಕು ತಗ್ಗಿಸುತ್ತದೆ, ಪೆಟ್ಟು ಬೀಳುವುದು ಮುಖಕ್ಕೆ. ಈಗಿನ ಫೋನು ಮುಖ ಗುರುತಿಸಿ ಸರಿಪಡಿಸಲು ನೋಡುತ್ತದೆ, ನಿಜ. ಆದರೂ ಎಷ್ಟೋ ಸಲ ಗೆಲ್ಲುವುದು ಮೋಡವೇ!

ಮದ್ದು ಸುಲಭ. ಪರದೆಯಲ್ಲಿ ಮುಖದ ಮೇಲೆ ಬೆರಳೊತ್ತಿ ಹಿಡಿಯಿರಿ. ಬಹಳಷ್ಟು ಫೋನುಗಳಲ್ಲಿ ಲೆಕ್ಕ ಅಲ್ಲೇ ಲಾಕ್ ಆಗುತ್ತದೆ. ಪಕ್ಕದ ಸೂರ್ಯನ ಗುರುತನ್ನು ಮೇಲೆ ಜರುಗಿಸಿದರೆ ಬೆಳಕು, ಕೆಳಗೆ ಜರುಗಿಸಿದರೆ ಕತ್ತಲು.

ಇನ್ನು ವೈಟ್ ಬ್ಯಾಲೆನ್ಸ್. ಹಳದಿ ಬಲ್ಬಿನ ಬೆಳಕು ಸುಮಾರು 2,700 ಕೆಲ್ವಿನ್, ನಡುಹಗಲಿನದು 5,500, ಮೋಡದ್ದು 6,500ರ ಆಸುಪಾಸು. ಸಂಖ್ಯೆ ಏರಿದಷ್ಟೂ ಬೆಳಕು ನೀಲಿ. ಫೋನು ಲೆಕ್ಕ ತಪ್ಪಿದರೆ ಚಹಾದಂಗಡಿಯ ಬಲ್ಬಿನಡಿ ನಿಂತವನಿಗೆ ಕಾಮಾಲೆ, ಮೋಡದಡಿ ನಿಂತವನಿಗೆ ಚಳಿಜ್ವರ! ಪ್ರೊ ಮೋಡ್ ಇದ್ದರೆ ಯಾವ ಬೆಳಕೋ ಅದೇ ಸಂಖ್ಯೆ ಇಡಿ. ಕೈಯಲ್ಲಿನ ಬಿಳಿ ಕರ್ಚೀಫು ಬಿಳಿಯಾಗಿ ಕಂಡರೆ ಮುಖದ ಬಣ್ಣವೂ ಸರಿ ಅನ್ನಿ. ಒಂದು ಕೆನ್ನೆಗೆ ಬಲ್ಬು, ಇನ್ನೊಂದಕ್ಕೆ ಕಿಟಕಿ ಮಾತ್ರ ಬೇಡ. ಎರಡಕ್ಕೂ ಹೊಂದುವ ಸಂಖ್ಯೆಯೇ ಇಲ್ಲ.

ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಗೊತ್ತಲ್ಲ? 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಛಾಯಾಗ್ರಾಹಕರು. 1959ರ 'ಕಾಗಜ್ ಕೆ ಫೂಲ್' ಕಪ್ಪು-ಬಿಳುಪು ಚಿತ್ರ. ಅದರಲ್ಲಿ ಸ್ಟುಡಿಯೋದೊಳಗೆ ಇಳಿಯುವ ಆ ಬೆಳಕಿನ ಕೋಲು, ಅವರು ಕನ್ನಡಿ ಹಿಡಿದು ಒಳಗೆ ಕರೆತಂದ ಬಿಸಿಲು! ನಿಮಗೆ ಅಷ್ಟೆಲ್ಲ ಬೇಡ. ಮೋಡಕ್ಕೆ ಬೆನ್ನು ಕೊಡದೆ ಮುಖ ಕೊಡಿ. ಗೆಳೆಯನ ಕೈಗೊಂದು ಬಿಳಿ ಥರ್ಮಾಕೋಲ್ ಹಾಳೆ ಕೊಟ್ಟು ಬೆಳಕನ್ನು ಮುಖಕ್ಕೆ ತಿರುಗಿಸಿ.

ಆ್ಯಪ್ ಹಾಕಿ ಬೆಳ್ಳಗಾಗಿ ಕಳಿಸಿದಿರೋ, ಆಡಿಷನ್ ದಿನ ಬಾಗಿಲಲ್ಲಿ ನಿಂತವನನ್ನು ನೋಡಿ "ಫೋಟೋದವನು ಎಲ್ಲಪ್ಪಾ?" ಅಂತಾರೆ. ಕಪ್ಪೋ ಕೆಂಪೋ, ನಿಮ್ಮ ಬಣ್ಣ ನಿಮ್ಮದೇ ಇರಲಿ. ಅದಕ್ಕೊಂದಿಷ್ಟು ಬೆಳಕು ಕೊಡಿ, ಸಾಕು. ಏನಂತೀರಿ?