ಲಕ್ವಕ್ಕೆ ಚಾಕಲೇಟು ಮದ್ದೇ?

"ಅತ್ತೆಗೆ ಲಕ್ವ ಹೊಡೆದು ಮೆದುಳು ಊದಿಕೊಂಡಿತ್ತು. ಚಾಕಲೇಟಿನಲ್ಲಿರುವ ಒಂದು ವಸ್ತು ಮೆದುಳಿನ ಊತ ಇಳಿಸುತ್ತದಂತೆ. ಅವರಿಗೆ ದಿನಾ ಕೊಡಬಹುದೇ?" ಎಂದು ಟಿ. ನರಸೀಪುರದ ಸಹೋದರಿಯೊಬ್ಬರು ಕೇಳಿದ್ದಾರೆ. ನಂಜನಗೂಡಿನಿಂದಲೂ ಇಂತಹದೇ ಪ್ರಶ್ನೆ ಬಂದಿದೆ. ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಮಾತ್ರ ನಮ್ಮ ಕಿವಿಗೆ ಬಿದ್ದಿದೆ.

ಚಾಕಲೇಟು ತಯಾರಾಗುವುದು ಕೋಕೋ ಬೀಜದಿಂದ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಇದನ್ನು ಬೆಳೆಯುತ್ತಾರೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋದ ಚಾಕಲೇಟು ಕಾರ್ಖಾನೆಯೂ ಇದೆ. ಈ ಬೀಜದಲ್ಲಿ ಎಪಿಕೆಟೆಚಿನ್ ಎಂಬ ಒಗರು ಅಂಶವಿದೆ. ಚಹಾ ಮತ್ತು ಸೇಬಿನಲ್ಲೂ ಅದು ಇರುತ್ತದೆ.

ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಲಕ್ವ ಹೊಡೆಯುತ್ತದೆ. ರಕ್ತ ಸಿಗದ ಭಾಗದಲ್ಲಿ ನೀರು ತುಂಬಿ ಊತ ಬರುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಹಾಗಾಗಿ ಊತವು ಚೆನ್ನಾಗಿರುವ ಭಾಗವನ್ನೂ ಒತ್ತುತ್ತದೆ. ಮೊದಲ ಕೆಲವು ದಿನ ರೋಗಿಯನ್ನು ಆಸ್ಪತ್ರೆಯಲ್ಲೇ ಇಟ್ಟು ನೋಡಿಕೊಳ್ಳುವುದು ಇದೇ ಕಾರಣಕ್ಕೆ.

2010ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಿಲ್ವೇನ್ ಡೋರೆ ಮತ್ತು ಸಂಗಡಿಗರು ಇಲಿಗಳಿಗೆ ಎಪಿಕೆಟೆಚಿನ್ ಕೊಟ್ಟು, ಒಂದೂವರೆ ಗಂಟೆಯ ನಂತರ ಮೆದುಳಿಗೆ ರಕ್ತ ಹೋಗದಂತೆ ಮಾಡಿದರು. ಆ ಇಲಿಗಳ ಮೆದುಳಿಗೆ ಹಾನಿ ಕಡಿಮೆಯಾಯಿತು. ಲಕ್ವ ಆದ ಮೂರೂವರೆ ಗಂಟೆಗೆ ಕೊಟ್ಟಾಗಲೂ ಪ್ರಯೋಜನ ಕಂಡಿತು. ಆರು ಗಂಟೆ ಕಳೆದ ಮೇಲೆ ಕೊಟ್ಟರೆ ಏನೂ ಉಪಯೋಗವಾಗಲಿಲ್ಲ.

ಅದು ಇಲಿಗಳ ಮಾತಾಯಿತು. ಮನುಷ್ಯರ ವಿಷಯ? ಅಮೆರಿಕದಲ್ಲಿ 21 ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕೆಲವರಿಗೆ ಕೋಕೋ ಸಾರದ ಮಾತ್ರೆ, ಉಳಿದವರಿಗೆ ಸಾರವಿಲ್ಲದ ಮಾತ್ರೆ ಕೊಟ್ಟಿದ್ದರು. ಸಾರ ತೆಗೆದುಕೊಂಡವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸತ್ತವರು ಕಡಿಮೆ. ಆದರೆ ಲಕ್ವ ಕಡಿಮೆಯಾದದ್ದು ಕಾಣಲಿಲ್ಲ. ಅದೂ ಸಾರದ ಮಾತ್ರೆಯ ಕಥೆ. ಅಂಗಡಿಯ ಚಾಕಲೇಟಿನಲ್ಲಿ ಹುರಿದು ಸಂಸ್ಕರಿಸುವಾಗ ಈ ಅಂಶ ಬಹಳಷ್ಟು ಹೋಗಿ, ಸಕ್ಕರೆ, ಕೊಬ್ಬು ಹೆಚ್ಚಿರುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ ಇದ್ದರೆ ದಿನಾ ಚಾಕಲೇಟು ಕೊಡುವುದು ಹಾನಿಯೇ.

ಹಾಗಾದರೆ ನಾವು ಕಲಿಯಬೇಕಾದ್ದೇನು? ಆ ಇಲಿಗಳೇ ಹೇಳಿದಂತೆ, ಸಮಯದ ಬೆಲೆ. ರಕ್ತ ಹೆಪ್ಪುಗಟ್ಟಿ ಆಗುವ ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿ.ಮೀ., ಟಿ. ನರಸೀಪುರದಿಂದ ಸುಮಾರು 30 ಕಿ.ಮೀ. ದಾರಿ ದೂರವಲ್ಲ. ಸಮಯ ಹೋಗುವುದು ಮನೆಯಲ್ಲಿಯೇ. ಮಗ ಕೆಲಸದಿಂದ ಬರಲಿ ಎಂದು ಕಾಯುತ್ತೇವೆ. ಪಾರಿವಾಳದ ರಕ್ತ ಹಚ್ಚಲು ಓಡುತ್ತೇವೆ. ಬೆಳಗಾಗಲಿ ಎನ್ನುತ್ತೇವೆ.

ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಗಡಿಯಾರ ನೋಡಿ ಸಮಯ ಗುರುತಿಟ್ಟುಕೊಳ್ಳಿ. ಕೂಡಲೇ 108ಕ್ಕೆ ಕರೆ ಮಾಡಿ. ಯಾರ ಅನುಮತಿಗೂ ಕಾಯಬೇಡಿ. ಬಾಯಿಗೆ ನೀರು, ಮಾತ್ರೆ, ಚಾಕಲೇಟು ಏನನ್ನೂ ಹಾಕಬೇಡಿ. ನುಂಗಲಾಗದೆ ಅದು ಶ್ವಾಸಕೋಶಕ್ಕೆ ಹೋಗಬಹುದು.

ಸಹೋದರಿ, ಅತ್ತೆಯವರ ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪದಿರಲಿ. ಉಪ್ಪು, ಉಪ್ಪಿನಕಾಯಿ ಕಡಿಮೆಯಾಗಲಿ. ಮತ್ತೊಮ್ಮೆ ಲಕ್ವ ಬಾರದಂತೆ ತಡೆಯಲು ಚಾಕಲೇಟಿಗಿಂತ ಇವೇ ನಂಬಬಹುದಾದ ದಾರಿ.