ಹೊಲಿಗೆ ಯಂತ್ರ ಹೊತ್ತೊಯ್ದರೆ ಸಾಲ ತೀರೀತೇ?



ಬಟ್ಟೆ ಹೊಲಿದು ಸಂಸಾರ ತೂಗಿಸುವ ಹೆಂಗಸೊಬ್ಬಳು ಸಾಲ ಮಾಡಿದ್ದಾಳೆ, ಹೇಳಿದ ದಿನಕ್ಕೆ ತೀರಿಸಲಾಗಲಿಲ್ಲ ಎಂದಿಟ್ಟುಕೊಳ್ಳಿ. ಸಾಲ ಕೊಟ್ಟವನು ಬಂದು ಅವಳ ಹೊಲಿಗೆ ಯಂತ್ರವನ್ನೇ ಹೊತ್ತುಕೊಂಡು ಹೋಗಿ, "ದುಡ್ಡು ಕೊಟ್ಟು ಬಿಡಿಸಿಕೋ" ಅಂದರೆ ನೀವೇನು ಹೇಳುತ್ತೀರಿ? "ಅಯ್ಯೋ, ಮೆಷಿನ್ ಇದ್ದರೆ ತಾನೇ ಅವಳು ನಾಲ್ಕು ಕಾಸು ಕಾಣೋದು!" ಅನ್ನುತ್ತೀರಿ. ನಮ್ಮ ಕಾನೂನೂ ಹಾಗೇ ಅನ್ನುತ್ತದೆ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೇ ಕಲಮು ನೋಡಿ. ಕೋರ್ಟಿನಿಂದ ಜಫ್ತಿ ಬಂದರೂ ಸಾಲಗಾರನ ಹೆಂಡತಿ ಮಕ್ಕಳ ಅಗತ್ಯದ ಉಡುಪು, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ಕಟ್ಟಳೆಯಂತೆ ಹೆಣ್ಣು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬುದಾರನ ಸಲಕರಣೆ, ರೈತನ ಬದುಕಿಗೆ ಬೇಕಾದ ನೇಗಿಲು, ದನ, ಬಿತ್ತನೆ ಬೀಜ ಇವನ್ನೆಲ್ಲ ಮುಟ್ಟುವಂತಿಲ್ಲ.

ಇಷ್ಟು ಸರಳವಾದ ಮಾತು ಶ್ರೀಮಂತ ದೇಶವಾದ ಅಮೆರಿಕದಲ್ಲಿ ಬಹಳ ಕಾಲ ಮರೆತೇಹೋಗಿತ್ತು ಅಂದರೆ ನಂಬುತ್ತೀರಾ? ಅಲ್ಲಿ ಕಿತ್ತುಕೊಳ್ಳುತ್ತಿದ್ದದ್ದು ಹೊಲಿಗೆ ಯಂತ್ರವಲ್ಲ, ಡ್ರೈವಿಂಗ್ ಲೈಸೆನ್ಸು.

"ಅದೇನು ಮಹಾ, ಬಸ್ಸಿನಲ್ಲಿ ಹೋದರಾಯಿತು" ಅನ್ನಬೇಡಿ. ಅಲ್ಲಿ ಮಗಳ ಮನೆಗೆ ಬಾಣಂತನಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ದೊಡ್ಡ ಪಟ್ಟಣಗಳ ಮಾತು ಬೇರೆ, ಮಿಕ್ಕ ಕಡೆ ಹಾಲು ತರಬೇಕಾದರೂ ಕಾರು, ಮಗುವನ್ನು ಡಾಕ್ಟರ ಹತ್ತಿರ ತೋರಿಸಬೇಕಾದರೂ ಕಾರು. ೨೦೧೯ರಲ್ಲಿ ಆ ದೇಶದಲ್ಲಿ ಕೆಲಸಕ್ಕೆ ಹೋಗುವ ನಾಲ್ವರಲ್ಲಿ ಮೂವರು ಒಬ್ಬೊಬ್ಬರೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಲೈಸೆನ್ಸು ಅಲ್ಲಿ ದುಡಿಮೆಯ ಸಲಕರಣೆಯೇ ಸರಿ.

ಕುಡಿದು ಗಾಡಿ ಓಡಿಸಿದವನ ಲೈಸೆನ್ಸು ಕಿತ್ತುಕೊಳ್ಳಲಿ, ಯಾರೂ ಬೇಡವೆನ್ನರು. ಆದರೆ ಅನೇಕ ರಾಜ್ಯಗಳಲ್ಲಿ ಕೋರ್ಟಿನ ದಂಡವನ್ನೋ ಶುಲ್ಕವನ್ನೋ ಕಟ್ಟಲಿಲ್ಲವೆಂಬ ಒಂದೇ ಕಾರಣಕ್ಕೆ ಲೈಸೆನ್ಸು ಅಮಾನತಾಗುತ್ತಿತ್ತು. ದಂಡವಾದರೂ ಎಷ್ಟು? ಕ್ಯಾಲಿಫೋರ್ನಿಯದ ಲೆಕ್ಕ ಕೇಳಿ. ೨೦೧೫ರ ಸುಮಾರಿನಲ್ಲಿ ಅಲ್ಲಿ ನೂರು ಡಾಲರಿನ ದಂಡಕ್ಕೆ ಆ ಶುಲ್ಕ ಈ ಶುಲ್ಕ ಸೇರಿ ಸುಮಾರು ೪೯೦ ಡಾಲರ್ ಆಗುತ್ತಿತ್ತು. ಗಡುವು ತಪ್ಪಿದರೆ ೮೧೫! ಹುಣಿಸೆಹಣ್ಣು ತರಲು ಹೋಗಿ ಮನೆ ಸಾಮಾನಿನ ಬಿಲ್ಲೆಲ್ಲ ಕಟ್ಟಿ ಬಂದ ಹಾಗೆ. ಉಳ್ಳವರು ಅಂದೇ ಚೆಕ್ ಬರೆದು ಮರೆತರು. ಇಲ್ಲದವರ ಲೈಸೆನ್ಸು ಹೋಯಿತು. ತಪ್ಪು ಒಂದೇ, ಶಿಕ್ಷೆ ಮಾತ್ರ ಎರಡು. ಹೀಗೆ ದಂಡ ಕಟ್ಟದ್ದಕ್ಕೋ ಕೋರ್ಟಿಗೆ ಹಾಜರಾಗದ್ದಕ್ಕೋ ಲೈಸೆನ್ಸು ಕಳೆದುಕೊಂಡವರು ಆ ಒಂದು ರಾಜ್ಯದಲ್ಲೇ ೪೦ ಲಕ್ಷಕ್ಕೂ ಹೆಚ್ಚು ಎಂದು ೨೦೧೫ರಲ್ಲಿ ಅಲ್ಲಿನ ಬಡವರ ಪರ ವಕೀಲರು ಲೆಕ್ಕ ಹಾಕಿದರು.

ಈಗ ಒಬ್ಬಳು ತಾಯಿಯನ್ನು ಕಣ್ಮುಂದೆ ತಂದುಕೊಳ್ಳಿ. ಲೈಸೆನ್ಸಿಲ್ಲವೆಂದು ಮನೆಯಲ್ಲಿ ಕೂತರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ದಂಡ ಕಟ್ಟುವುದೆಲ್ಲಿಂದ ಬಂತು? ಧೈರ್ಯ ಮಾಡಿ ಕಾರು ತೆಗೆದಳೋ, ಅಮಾನತಾದ ಲೈಸೆನ್ಸಿನಲ್ಲಿ ಗಾಡಿ ಓಡಿಸಿದ್ದು ಇನ್ನೊಂದು ಅಪರಾಧ. ಮತ್ತೆ ದಂಡ, ಕೆಲವೊಮ್ಮೆ ಜೈಲು. ಅತ್ತ ದರಿ, ಇತ್ತ ಪುಲಿ.

ಅಲ್ಲಿನ ಸರ್ವೋಚ್ಚ ನ್ಯಾಯಾಲಯಕ್ಕೆ ಇದು ತಿಳಿಯದ್ದೇನಲ್ಲ. ಒಮ್ಮೆ ಕೊಟ್ಟ ಲೈಸೆನ್ಸು ಹೊಟ್ಟೆಪಾಡಿಗೆ ಅತ್ಯಗತ್ಯವಾಗಬಹುದು, ವಿಚಾರಣೆಯ ಕ್ರಮವಿಲ್ಲದೆ ಅದನ್ನು ಕಸಿಯಬಾರದು ಎಂದು ಅದು ೧೯೭೧ರಲ್ಲೇ ಹೇಳಿತ್ತು. ದಂಡ ಕಟ್ಟಲಾರದವನನ್ನು, ಯಾಕೆ ಕಟ್ಟಲಿಲ್ಲವೆಂದು ವಿಚಾರಿಸದೆ ಜೈಲಿಗೆ ತಳ್ಳಬಾರದು ಎಂದು ೧೯೮೩ರಲ್ಲಿ ಹೇಳಿತು. ಆದರೂ ರಾಜ್ಯಗಳ ರೂಢಿ ಬದಲಾಗಲು ಇನ್ನೂ ಮೂವತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ದಂಡ ಕಟ್ಟದ್ದಕ್ಕೆ ಲೈಸೆನ್ಸು ಅಮಾನತು ಮಾಡುವುದನ್ನು ಕ್ಯಾಲಿಫೋರ್ನಿಯ ೨೦೧೭ರಲ್ಲಿ ನಿಲ್ಲಿಸಿತು. ದಂಡದ ಮೇಲೆ ಮತ್ತೆ ಮೂರು ವರ್ಷ ಹೆಚ್ಚುವರಿ ವಸೂಲಿ ಮಾಡುವ ಪದ್ಧತಿ ಟೆಕ್ಸಾಸಿನಲ್ಲಿ ೨೦೦೩ರಿಂದ ಇತ್ತು. ಆ ಹಣದಲ್ಲಿ ಒಂದು ಪಾಲು ಅಪಘಾತದ ಗಾಯಾಳುಗಳ ಚಿಕಿತ್ಸೆಗೆ ಹೋಗುತ್ತಿತ್ತು, ಉದ್ದೇಶವೇನೋ ಒಳ್ಳೆಯದೇ. ಆದರೆ ಕಟ್ಟಲಾಗದೆ ಲಕ್ಷಾಂತರ ಜನರ ಲೈಸೆನ್ಸು ಹೋಗಿ, ಕೊನೆಗೆ ೨೦೧೯ರಲ್ಲಿ ಆ ಕಾನೂನನ್ನೇ ರದ್ದು ಮಾಡಿದರು. ಅದೇ ವರ್ಷ ವರ್ಜೀನಿಯದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರಿಗೆ ಅಮಾನತಿನಿಂದ ಬಿಡುಗಡೆ ಸಿಕ್ಕಿತು. ೨೦೧೭ರಿಂದೀಚೆಗೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಈ ದಾರಿಯಲ್ಲಿ ಸ್ವಲ್ಪವೋ ಪೂರ್ತಿಯೋ ನಡೆದಿವೆ. ದಂಡ ಮನ್ನಾ ಆಯಿತೆಂದು ತಿಳಿಯಬೇಡಿ. ಬಾಕಿ ಬಾಕಿಯೇ. ದುಡಿದು ತೀರಿಸಲು ದಾರಿ ಬಿಟ್ಟರು, ಅಷ್ಟೆ.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಇದೆ ಸೋದರಿಯರೇ, ಅದು ನಮ್ಮದೇ ಪ್ರಶ್ನೆ. ಹೆಂಡತಿ ಮಕ್ಕಳನ್ನು ಬಿಟ್ಟುಹೋಗಿ, ಮಗುವಿನ ಜೀವನಾಂಶವನ್ನೂ ಕೊಡದ ಗಂಡಸಿನ ಲೈಸೆನ್ಸು ಕಿತ್ತುಕೊಳ್ಳಬೇಡವೇ? ೧೯೯೬ರ ಒಂದು ಕೇಂದ್ರ ಕಾನೂನು, ಜೀವನಾಂಶ ಬಾಕಿ ಇಟ್ಟವರ ಲೈಸೆನ್ಸು ತಡೆಹಿಡಿಯುವ ಅಧಿಕಾರ ಎಲ್ಲ ರಾಜ್ಯಗಳಲ್ಲೂ ಇರಲೇಬೇಕೆಂದು ವಿಧಿಸಿತು. ಅದು ಇಂದಿಗೂ ಇದೆ. "ಸರಿಯಾಗೇ ಇದೆ ಬಿಡಿ" ಅಂತ ಥಟ್ಟನೆ ಅನ್ನಿಸುತ್ತದೆ.

ಆದರೆ ಸ್ವಲ್ಪ ತಾಳಿ. ಅಮೆರಿಕದಲ್ಲಿ ಜೀವನಾಂಶದ ಬಹುಪಾಲು ವಸೂಲಾಗುವುದು ಸಂಬಳದಿಂದ. ಧಣಿಯೇ ಸಂಬಳದಲ್ಲಿ ಮುರಿದುಕೊಂಡು ಕಳಿಸುತ್ತಾನೆ. ಲೈಸೆನ್ಸು ಹೋಗಿ ಕೆಲಸವೂ ಹೋದರೆ ಮುರಿಯಲು ಸಂಬಳ ಎಲ್ಲಿರುತ್ತದೆ? ಶಿಕ್ಷೆಯಾದದ್ದು ಅಪ್ಪನಿಗೆ, ಹಾಲಿಲ್ಲದೆ ಕೂತದ್ದು ಮಗು. ಕೈಯಲ್ಲಿದ್ದೂ ಕೊಡದವನು ಬೇರೆ, ಕೈಯಲ್ಲಿ ಇಲ್ಲದೆ ಕೊಡಲಾಗದವನು ಬೇರೆ. ಮೊದಲನೆಯವನನ್ನು ಬಗ್ಗಿಸಲಿ, ನಾನೂ ಕೈ ಎತ್ತುತ್ತೇನೆ. ಎರಡನೆಯವನ ಕೈಕಾಲು ಕಟ್ಟಿ ಹಾಕಿದರೆ ಆ ತಾಯಿಗೆ ಸಿಗುವುದು ಸೇಡಿನ ಸಮಾಧಾನ ಮಾತ್ರ, ಸೇರು ಅಕ್ಕಿಯಲ್ಲ. ಯಾರು ಯಾವ ಗುಂಪಿನವರೆಂದು ಮೊದಲೇ ವಿಚಾರಿಸಿ ನೋಡುವುದೇ ನ್ಯಾಯ.

ನಿಮ್ಮ ಮಕ್ಕಳೋ ಬಂಧುಗಳೋ ಆ ದೇಶದಲ್ಲಿದ್ದರೆ ಮುಂದಿನ ಸಲ ಫೋನಿನಲ್ಲಿ ಈ ನಾಲ್ಕು ಮಾತು ಹೇಳಿ. ಟ್ರಾಫಿಕ್ ದಂಡದ ಚೀಟಿಯನ್ನು ಡ್ರಾಯರಿನಲ್ಲಿ ಹಾಕಿ ಮರೆಯಬಾರದು. ಮನೆ ಬದಲಾಯಿಸಿದಾಗ ಲೈಸೆನ್ಸು ಕೊಡುವ ಕಛೇರಿಗೆ ಹೊಸ ವಿಳಾಸ ತಿಳಿಸಬೇಕು, ಇಲ್ಲವಾದರೆ ಕೋರ್ಟಿನ ನೋಟೀಸು ಹಳೇ ಮನೆಗೇ ಹೋದೀತು. ಕೈಯಲ್ಲಿ ಹಣವಿಲ್ಲದಿದ್ದರೂ ಹೇಳಿದ ದಿನ ಕೋರ್ಟಿಗೆ ಉತ್ತರ ಕೊಡಬೇಕು. ಕಂತಿನಲ್ಲಿ ಕಟ್ಟಲು ಅವಕಾಶವಿದೆಯೇ, ಆದಾಯ ನೋಡಿ ದಂಡ ಇಳಿಸುತ್ತಾರೆಯೇ ಎಂದು ನಾಚಿಕೆ ಬಿಟ್ಟು ಕೇಳಬೇಕು. ನಿಯಮ ರಾಜ್ಯಕ್ಕೊಂದು ಬಗೆ, ಹಾಗಾಗಿ ತಮ್ಮ ರಾಜ್ಯದ್ದನ್ನೇ ವಿಚಾರಿಸಬೇಕು.

ಕಷ್ಟದಲ್ಲಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದು ಅವಮಾನವಲ್ಲ. ಸುಮ್ಮನಿದ್ದುಬಿಟ್ಟರೆ ಮಾತ್ರ ನೂರು ಡಾಲರ್ ಎಂಟುನೂರು ಆಗುತ್ತದೆ.