ಮುಂಗೂದ್ಲಿಗೆ ನಮ್ಮ ಕೈ ಕತ್ರಿ ಸಾಕು

ಹಣೆ ಮೇಲೆ ಬೀಳೋ ಕೂದ್ಲನ್ನ ಮನೇಲೇ ಕತ್ರಿಸ್ಕೋಬಹುದಾ ಅಂತ ಕೇಳೋರಿಗೆ ನನ್ನ ಉತ್ತರ ಒಂದೇ: ಧಾರಾಳವಾಗಿ ಕತ್ರಿಸ್ಕೊಳ್ರಮ್ಮ. ಮೊದಲ್ನೇ ಸಲ ಮಾತ್ರ ಪಾರ್ಲರಲ್ಲಿ ತಿಳಿದೋರ ಕೈಲಿ ಆಕಾರ ಮಾಡಿಸ್ಕೊಳ್ಳಿ. ಆಮೇಲೆ ಬೆಳೆದಷ್ಟನ್ನ ಚೂರು ಸವರಿಕೊಳ್ಳೋಕೆ ತಿಂಗಳು ತಿಂಗಳು ದುಡ್ಡು ಯಾಕೆ? ಚಾಂಪಿಯನ್ ಸ್ಟೇಷನ್ನಲ್ಲಿ ಬೆಳಗಾಗೋ ಮುಂಚೆ ರೈಲು ಹತ್ತಿ, ಬೆಂಗಳೂರಲ್ಲಿ ದುಡಿದು, ರಾತ್ರಿ ಮನೆ ಸೇರೋ ಹೆಣ್ಮಕ್ಳಿಗೆ ಸಿಗೋದೇ ಒಂದು ಭಾನುವಾರ. ಅದನ್ನೂ ಪಾರ್ಲರ್ ಬೆಂಚ್ ಮೇಲೆ ಕಳೀಬೇಕಾ?

"ಇದೇನು ಹೊಸ ಫ್ಯಾಷನ್ನು" ಅಂತ ದೊಡ್ಡೋರು ಮೂಗು ಮುರೀತಾರೆ. 1960ರ 'ಲವ್ ಇನ್ ಸಿಮ್ಲಾ' ಸಿನಿಮಾದಲ್ಲಿ ನಟಿ ಸಾಧನಾ ಅವರ ಅಗಲ ಹಣೆ ಮುಚ್ಚೋಕೆ ಹಿಂಗೇ ಕತ್ರಿಸಿದ್ರು. ಅದು ಎಷ್ಟು ಹಬ್ಬಿತು ಅಂದ್ರೆ 'ಸಾಧನಾ ಕಟ್' ಅಂತಲೇ ಹೆಸರಾಯ್ತು. ಅರವತ್ತು ವರ್ಷ ದಾಟಿದ್ದು ಹೊಸದು ಹೆಂಗಾಗ್ತೈತೆ?

ನನಗೆ ಅನ್ಸೋದು, ಅವ್ರಿಗೆ ಬೇಜಾರು ಇರೋದು ಕತ್ರಿ ಮೇಲೆ. ಮುತ್ತೈದೆ ಕೂದ್ಲಿಗೆ ಕತ್ರಿ ತಾಗ್ಬಾರ್ದು, ಮಂಗಳವಾರ ಬ್ಯಾಡ, ಶುಕ್ರವಾರ ಬ್ಯಾಡ. ಈ ಭಯ ಸುಮ್ನೆ ಬಂದಿದ್ದಲ್ಲ. ಕೆಲವು ಜಾತಿಗಳಲ್ಲಿ ಗಂಡ ಸತ್ತ ಹೆಂಗಸ್ರ ತಲೆ ಬೋಳಿಸ್ತಿದ್ರು, ಅವ್ರನ್ನ ಕೇಳೋರೇ ಇರ್ಲಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರೀಲಿ ಅದೇ ಸಂಕಟ ಐತೆ. ಪ್ರೇಮಾ ಕಾರಂತರು 1983ರಲ್ಲಿ ಅದನ್ನ ಸಿನಿಮಾ ಮಾಡಿದ್ರು. ಅಲ್ಲಿ ಕತ್ತಿ ಬೇರೆಯೋರ ಕೈಲಿತ್ತು. ಈಗ ಕನ್ನಡಿ ಮುಂದೆ ನಿಂತ ಹುಡುಗಿ ಕೈಲಿ ಕತ್ರಿ ಇದ್ರೆ ಅದು ಅವಳಿಷ್ಟ. ಎರಡನ್ನೂ ಒಂದೇ ತಕ್ಕಡೀಲಿ ತೂಗ್ಬಾರ್ದು.

ಕತ್ರಿಸೋವಾಗ ಆತುರ ಬ್ಯಾಡ. ತಲೆಗೆ ಹಾಕ್ಕೊಂಡು, ಕೂದ್ಲು ಪೂರ್ತಿ ಒಣಗಿದ್ಮೇಲೆ, ಎಣ್ಣೆ ಹಚ್ಚೋ ಮುಂಚೆ ಕೂತ್ಕೊಳ್ಳಿ. ಒದ್ದೆ ಕೂದ್ಲು ಎಳೆದ್ರೆ ಉದ್ದ ಕಾಣ್ತೈತೆ, ಒಣಗಿದ್ಮೇಲೆ ಮೇಲಕ್ಕೆ ಹೋಗ್ತೈತೆ. ಗುಂಗುರು ಕೂದ್ಲಾದ್ರೆ ಇನ್ನೂ ಮೇಲಕ್ಕೆ. ಮಿಕ್ಕ ಕೂದ್ಲನ್ನ ಹಿಂದಕ್ಕೆ ಕಟ್ಟಿ ಕ್ಲಿಪ್ ಹಾಕಿ. ಹಾಲಿನ ಪ್ಯಾಕೆಟ್ ಕತ್ರಿಸೋ ಮೊಂಡ ಕತ್ರಿ ಬ್ಯಾಡ, ಕೂದ್ಲು ಮಡಚ್ಕೊಂಡು ಸೊಟ್ಟ ಆಗ್ತೈತೆ. ಹರಿತವಾದ ಕತ್ರೀನ ಅಡ್ಡ ಹಿಡೀದೆ, ತುದಿ ಮೇಲಕ್ಕೆ ಮಾಡಿ ಚೂರು ಚೂರೇ ಕಚ್ಚಿಸಿ. ಹುಬ್ಬಿಗಿಂತ ಕೆಳಗೇ ನಿಲ್ಸಿ. ಕೂದ್ಲು ಬೆಳೆಯೋದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಒಂದಂಗುಲ ಜಾಸ್ತಿ ಹೋದ್ರೆ ಎರಡು ತಿಂಗಳಿಗೂ ಮೇಲೆ ಕಾಯ್ಬೇಕು.

ಮಂಗಳವಾರ ಬ್ಯಾಡ ಅಂತ ಅತ್ತೆ ಅಂದ್ರೆ ಬುಧವಾರ ಕತ್ರಿಸ್ಕೊಳ್ಳಿ, ಅದಕ್ಕೆಲ್ಲ ಜಗಳ ಯಾಕೆ? ಕತ್ರಿಸ್ಕೊಳ್ಳೇಬ್ಯಾಡ ಅಂದ್ರೆ ಮಾತ್ರ ಪಕ್ಕದಲ್ಲಿ ಕೂರ್ಸ್ಕೊಂಡು ಫಣಿಯಮ್ಮನ ಕತೆ ಹೇಳಿ.